ಓದುಗರ ಪ್ರಶ್ನೆ: ಮೋಟ್ರು ತೋಟದಲ್ಲಿ, ಫೋನು ಕೈಯಲ್ಲಿ, ಮಧ್ಯದಲ್ಲಿ ಏನಿರ್ಬೇಕು?

ಈ ಸಲ ಬಂದಿರೋ ಪತ್ರಗಳಲ್ಲಿ ಜಾಸ್ತಿ ಒಂದೇ ವಿಷಯದ್ದು. ದೂರದಲ್ಲಿರೋ ಬೋರ್ ಮೋಟ್ರು, ಹಾಲಿನ ಕೂಲರ್ ಇಂಥವನ್ನ ಕೂತಲ್ಲಿಂದ ನೋಡ್ಕೊಳ್ಳೋದು ಹೇಗೆ ಅಂತ. ಐದು ಪ್ರಶ್ನೆ ತಗೊಂಡಿದ್ದೀನಿ. ಮೊದಲನೇದಕ್ಕೆ ಜಾಗ ತುಂಬ ಹೋಗಿದೆ, ಯಾಕಂದ್ರೆ ಮಿಕ್ಕಿದ್ದಕ್ಕೆಲ್ಲ ಬೇರು ಅಲ್ಲೇ ಇದೆ.

ಪ್ರಶ್ನೆ: ಸಾರ್, ನಾವು ಚಿಂತಾಮಣಿ ತಾಲ್ಲೂಕಿನೋರು. ಡಿಪ್ಲೊಮಾ ಮುಗಿಸಿದ ಮೂರು ಜನ ಸೇರ್ಕೊಂಡು ಬೋರ್‌ವೆಲ್ ಸ್ಟಾರ್ಟರ್‌ಗೆ ಹಾಕೋ ಒಂದು ಬೋರ್ಡ್ ಮಾಡಿದೀವಿ, ಒಳಗೆ ಸಿಮ್ ಐತೆ, ಫೋನಲ್ಲಿ ಒತ್ತಿದ್ರೆ ಮೋಟ್ರು ಆನ್ ಆಗ್ತದೆ. ಆರು ತೋಟದಲ್ಲಿ ಚೆನ್ನಾಗಿ ನಡೀತಿತ್ತು. ಈಗ ಸುತ್ತಮುತ್ತಲ ಊರೋರು ಕೇಳ್ತಾವ್ರೆ, ಅರವತ್ತು ಹಾಕ್ಬೇಕು. ಆದ್ರೆ ಎರಡು ಬೋರ್ಡಿಗೆ ಸಿಮ್ ಬದಲಾಯಿಸಿದ ಮೇಲೆ ಐಪಿ ಅಡ್ರೆಸ್ ಹಾಕಿದ್ರೂ ಹೊರಗಿಂದ ಸಿಗ್ತಾನೇ ಇಲ್ಲ. ಅರವತ್ತಕ್ಕೆ ಹೋಗೋ ಮುಂಚೆ ಇಡೀ ವ್ಯವಸ್ಥೆ ಹೇಗಿರ್ಬೇಕು ಅಂತ ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪತ್ರ ಓದಿ ನಿಜಕ್ಕೂ ಖುಷಿಯಾಯ್ತು, ಅರವತ್ತು ಹಾಕಿದ ಮೇಲೆ ಕೇಳೋ ಬದಲು ಮೊದ್ಲೇ ಕೇಳಿದ್ದೀರಲ್ಲ ಅದಕ್ಕೆ. ಐಪಿ ವಿಷಯ ಮೊದಲು. ಮೊಬೈಲ್ ಕಂಪನಿಯವರ ಹತ್ರ ಹಳೇ ತರದ ಪಬ್ಲಿಕ್ ಅಡ್ರೆಸ್‌ಗಳು ಸಾಕಾಗಲ್ಲ, ಹಾಗಾಗಿ ಒಂದೇ ಅಡ್ರೆಸ್ ಹಿಂದೆ ತುಂಬಾ ಸಿಮ್‌ಗಳನ್ನ ಕೂರಿಸಿರ್ತಾರೆ. ನಿಮ್ಮ ಬೋರ್ಡ್ ತನ್ನ ಅಡ್ರೆಸ್ ಅಂತ 10 ಇಂದಲೋ 100.64 ಇಂದಲೋ ಶುರುವಾಗೋ ನಂಬರ್ ತೋರಿಸ್ತಿದ್ರೆ ಅದು ಕಂಪನಿಯ ಒಳಗಿನ ಅಡ್ರೆಸ್, ಹೊರಗಿಂದ ಬಂದು ಬಾಗಿಲು ತಟ್ಟೋಕೆ ಆಗಲ್ಲ. ಸಿಮ್ ಬದಲಾಯಿಸಿದ ಎರಡು ಬೋರ್ಡಿಗೆ ಆಗಿರೋದು ಬಹುಶಃ ಇದೇ. ಕೆಲವರು ಇದಕ್ಕೆ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದ್ರೆ ಬದಲಾಗದ ಪಬ್ಲಿಕ್ ಅಡ್ರೆಸ್, ತಗೋತಾರೆ, ದಯವಿಟ್ಟು ಆ ದಾರಿಗೆ ಹೋಗ್ಬೇಡಿ, ಖರ್ಚೂ ಜಾಸ್ತಿ, ಮೇಲೆ ನಿಮ್ಮ ಸ್ಟಾರ್ಟರ್‌ನ ಇಡೀ ಇಂಟರ್ನೆಟ್ಟಿಗೆ ತೆರೆದಿಟ್ಟ ಹಾಗೆ ಆಗತ್ತೆ.

ನಮ್ಮೂರ ಡೈರಿ ನೆನೆಸ್ಕೊಳ್ಳಿ. ಸೆಕ್ರೆಟರಿ ಮನೆಮನೆಗೆ ಬಂದು ಹಸು ಎಲ್ಲಿ ಅಂತ ಹುಡುಕಲ್ಲ, ನಾವೇ ಬೆಳಿಗ್ಗೆ ಸಂಜೆ ಕ್ಯಾನ್ ಹಿಡ್ಕೊಂಡು ಹೋಗ್ತೀವಿ, ಹಾಲು ಹಾಕ್ತೀವಿ, ಏನಾದ್ರೂ ಸುದ್ದಿ ಇದ್ರೆ ಅಲ್ಲೇ ಕೇಳ್ಕೊಂಡು ಬರ್ತೀವಿ. ಬೋರ್ಡೂ ಹಾಗೇ ಮಾಡ್ಬೇಕು. ಕರೆಂಟ್ ಬಂದ ಮೇಲೆ ಅದೇ ಹೊರಟು ಸರ್ವರ್‌ಗೆ ಕನೆಕ್ಟ್ ಆಗ್ಬೇಕು, ಆ ಕನೆಕ್ಷನ್ ಹಿಡ್ಕೊಂಡೇ ಇರ್ಬೇಕು, ನಿಮ್ಮ ಫೋನೂ ಅದೇ ಸರ್ವರ್‌ಗೆ ಬರ್ಬೇಕು. ಫೋನು ಮತ್ತೆ ಬೋರ್ಡು ನೇರವಾಗಿ ಮಾತಾಡೋದು ಬೇಡವೇ ಬೇಡ. ಮಧ್ಯ ಕೂತು ಮಾತು ದಾಟಿಸೋ ಪ್ರೋಗ್ರಾಮಿಗೆ ಬ್ರೋಕರ್ ಅಂತಾರೆ, ಅದು ಆಡೋ ಭಾಷೆ ಎಂಕ್ಯೂಟಿಟಿ. 1999ರಲ್ಲಿ ಆಂಡಿ ಸ್ಟ್ಯಾನ್‌ಫೋರ್ಡ್-ಕ್ಲಾರ್ಕ್ ಮತ್ತೆ ಆರ್ಲೆನ್ ನಿಪ್ಪರ್ ಅನ್ನೋರು ಇದನ್ನ ಮಾಡಿದ್ದು, ಆಗ ಕೆಲಸ ಇದ್ದದ್ದು ಎಣ್ಣೆ ಪೈಪ್‌ಲೈನ್‌ಗಳನ್ನ ಸ್ಯಾಟಲೈಟ್ ಮೂಲಕ ನೋಡ್ಕೊಳ್ಳೋದು, ಸ್ಯಾಟಲೈಟ್ ಲಿಂಕು ದುಬಾರಿ, ಅದಕ್ಕೇ ಮೆಸೇಜಿನ ತಲೆಭಾಗ ಎರಡೇ ಬೈಟ್‌ಗೆ ಇಳಿಯೋ ಹಾಗೆ ಬಿಗಿಯಾಗಿ ಹೊಲಿದಿದ್ದಾರೆ. ಒಂದೇ ಗೆರೆ ಸಿಗ್ನಲ್ ಇರೋ ತೋಟಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಅದರಲ್ಲಿ ನಿಮಗೆ ತುಂಬ ಬೇಕಾಗೋದು ಎರಡು. ಒಂದು ಕೀಪ್-ಅಲೈವ್, ಅಂದ್ರೆ ಬೋರ್ಡು ಇಷ್ಟು ಸೆಕೆಂಡಿಗೊಂದ್ಸಲ ನಾನಿದೀನಿ ಅಂತ ಸುಳಿವು ಕೊಡ್ತಿರೋದು, ಇದಿಲ್ಲದಿದ್ರೆ ಸುಮ್ನಿರೋ ಕನೆಕ್ಷನ್‌ನ ಮೊಬೈಲ್ ನೆಟ್‌ವರ್ಕು ಕೆಲವು ನಿಮಿಷಕ್ಕೇ ಕಿತ್ತಾಕತ್ತೆ. ಇನ್ನೊಂದು ಲಾಸ್ಟ್ ವಿಲ್, ಬೋರ್ಡು ಕನೆಕ್ಟ್ ಆಗೋವಾಗ್ಲೇ "ನಾನು ಹೇಳದೆ ಕೇಳದೆ ಹೋದ್ರೆ ಈ ಮೆಸೇಜ್ ಎಲ್ರಿಗೂ ಕಳಿಸಿಬಿಡು" ಅಂತ ಬ್ರೋಕರ್ ಕೈಲಿ ಒಂದು ಮೆಸೇಜ್ ಕೊಟ್ಟಿರತ್ತೆ. ಕೀಪ್-ಅಲೈವ್ ಟೈಮಿನ ಒಂದೂವರೆ ಪಟ್ಟು ಹೊತ್ತು ಸದ್ದಿಲ್ಲ ಅಂದ್ರೆ ಬ್ರೋಕರ್ ಆ ಮೆಸೇಜನ್ನ ಎಲ್ರಿಗೂ ಕಳಿಸತ್ತೆ, ಫೋನಲ್ಲಿ "ಸಂಪರ್ಕ ಇಲ್ಲ" ಅಂತ ಬರತ್ತೆ.

ದೊಡ್ಡ ಸರ್ವರ್ ಬೇಕಾ ಅಂದ್ರೆ ಬೇಡ. ಅರವತ್ತು ಬೋರ್ಡು ನಿಮಿಷಕ್ಕೊಂದು ಮೆಸೇಜ್ ಹಾಕಿದ್ರೆ ದಿನಕ್ಕೆ 86,400 ಮೆಸೇಜು, ಒಂದೊಂದು ನೂರು ಬೈಟ್ ಅಂದ್ಕೊಂಡ್ರೆ ಎಲ್ಲಾ ಸೇರಿ ದಿನಕ್ಕೆ ಒಂಬತ್ತು ಎಂಬಿ ಒಳಗೆ, ತಿಂಗಳ ಬಾಡಿಗೆಯ ಸಣ್ಣದೊಂದು ಸರ್ವರ್ ಆರಾಮಾಗಿ ಎಳೆಯತ್ತೆ.

ಈಗ ಮುಖ್ಯವಾದ್ದು, ಇದನ್ನ ಬರೀಬೇಕಂತಲೇ ಉಳಿದಿದ್ದನ್ನ ಬೇಗ ಮುಗಿಸಿದೆ. ಕೆಲವು ವರ್ಷದ ಹಿಂದೆ ನಾನು ಇಂಥದೇ ಬೋರ್ಡ್ ಮಾಡೋ ಒಂದು ಕಂಪನಿಗೆ ಕೆಲಸ ಮಾಡ್ತಿದ್ದೆ. ಶಿಡ್ಲಘಟ್ಟದ ಕಡೆ ಒಂದು ಹಿಪ್ಪುನೇರಳೆ ತೋಟ, ಬೆಳಿಗ್ಗೆ ಹನ್ನೊಂದಕ್ಕೆ ತೋಟದೋರು ಫೋನಲ್ಲಿ ಆನ್ ಒತ್ತಿದ್ರು, ಮೋಟ್ರು ಬರ್ಲಿಲ್ಲ, ಇನ್ನೊಂದ್ಸಲ, ಮತ್ತೊಂದ್ಸಲ, ನಾಲ್ಕು ಸಲ ಒತ್ತಿದ್ರು. ಟವರ್ ಬಿದ್ದಿತ್ತು. ಸರಿ ಸ್ಟಾರ್ಟರೇ ಕೆಟ್ಟಿದೆ ಅಂತ ಮಧ್ಯಾಹ್ನ ಮೆಕ್ಯಾನಿಕ್ ಕರೆಸಿದ್ರು, ಅವರು ಪೆಟ್ಟಿಗೆ ಬಿಚ್ಚಿ ಟರ್ಮಿನಲ್ ಸ್ಕ್ರೂ ಬಿಗಿ ಮಾಡ್ತಿದ್ರು, ಅಷ್ಟರಲ್ಲಿ ಟವರ್ ವಾಪಸ್ ಬಂತು, ಬ್ರೋಕರ್ ಭದ್ರವಾಗಿ ಎತ್ತಿಟ್ಟುಕೊಂಡಿದ್ದ ನಾಲ್ಕೂ ಆನ್ ಮೆಸೇಜುಗಳು ಒಟ್ಟಿಗೆ ಇಳಿದವು, ಮೋಟ್ರು ಆನ್ ಮಾಡೋ ಸ್ವಿಚ್ಚು, ಅಂದ್ರೆ ರಿಲೇ, ಟಕ್ ಅಂತು. ಆ ಮೆಕ್ಯಾನಿಕ್ ಹಳೇ ಕಾಲದೋರು, ಪೆಟ್ಟಿಗೆ ಮುಟ್ಟೋ ಮುಂಚೆ ಮೂರೂ ಫ್ಯೂಸ್ ಕಟೌಟ್ ಕಿತ್ತು ಜೇಬಲ್ಲಿ ಹಾಕ್ಕೊಳ್ಳೋ ಅಭ್ಯಾಸ. ಅದಕ್ಕೆ ಅವರ ಜೀವ ಉಳೀತು. ಆ ಟಕ್ ಸದ್ದನ್ನ ಅವರು ನಮಗೆ ಹೇಳಿದ ದಿನದಿಂದ ನಾನು ಈ ಕೆಲಸ ನೋಡೋ ರೀತಿನೇ ಬೇರೆ ಆಯ್ತು.

ತಪ್ಪು ಎಲ್ಲಿತ್ತು? ನಾವು ಆಜ್ಞೆ ಕಳಿಸ್ತಿದ್ವಿ. ಆಜ್ಞೆ ತಡವಾಗಿ ಸಿಕ್ಕಿದ್ರೂ ಆಜ್ಞೆನೇ, ಬೋರ್ಡು ಪಾಲಿಸತ್ತೆ. ಅದರ ಬದಲು ಸರ್ವರಲ್ಲಿ ಪ್ರತಿ ಬೋರ್ಡಿಗೂ ಎರಡು ಕಾಲಮ್ ಇಡಿ: ಒಂದು "ಹೇಗಿರ್ಬೇಕು", ಇನ್ನೊಂದು "ಹೇಗಿದೆ". ಫೋನು ಮೊದಲನೇದನ್ನ ಮಾತ್ರ ಬರೀಬಹುದು, ಬೋರ್ಡು ಎರಡನೇದನ್ನ ಮಾತ್ರ. ನಾಲ್ಕು ಸಲ ಆನ್ ಒತ್ತಿದ್ರೂ ಕಾಲಮಲ್ಲಿ ಒಂದೇ ಆನ್ ಇರತ್ತೆ, ಆಮೇಲೆ ಆಫ್ ಒತ್ತಿದ್ರೆ ಅದು ಅಳಿಸಿಹೋಗತ್ತೆ, ಹಳೇದು ಸಾಲುಗಟ್ಟಿ ಕಾಯಲ್ಲ. ಮತ್ತೆ ಪ್ರತಿ ಆನ್‌ಗೂ ಒಂದು ವಾಯಿದೆ ಇರ್ಲಿ, ಎರಡು ನಿಮಿಷ ಸಾಕು, ಅಷ್ಟರಲ್ಲಿ ಬೋರ್ಡಿಗೆ ತಲುಪದಿದ್ರೆ ಆ ಮಾತು ಸತ್ತ ಹಾಗೆ, ಫೋನಲ್ಲಿ "ತಲುಪಲಿಲ್ಲ, ಮತ್ತೆ ಒತ್ತಿ" ಅಂತ ಸ್ಪಷ್ಟವಾಗಿ ತೋರಿಸಿ. 2019ರಲ್ಲಿ ಬಂದ ಎಂಕ್ಯೂಟಿಟಿ ಐದನೇ ಆವೃತ್ತೀಲಿ ಮೆಸೇಜಿಗೇ ವಾಯಿದೆ ಹಾಕೋ ಸೌಲಭ್ಯ ಇದೆ, ಆದ್ರೆ ಅದೊಂದನ್ನೇ ನಂಬ್ಕೊಳ್ಳದೆ ಮೆಸೇಜ್ ಒಳಗೆ ಟೈಮ್ ಬರೆದು ಬೋರ್ಡಲ್ಲೂ ಚೆಕ್ ಮಾಡಿ. ಇದೆಲ್ಲದಕ್ಕಿಂತ ಮೊದಲು, ಪೆಟ್ಟಿಗೆ ಮೇಲೆ ರಿಮೋಟ್-ಲೋಕಲ್ ಅಂತ ಕೈಯಲ್ಲಿ ತಿರುಗಿಸೋ ಸ್ವಿಚ್ ಇರ್ಲಿ. ಲೋಕಲ್‌ಗೆ ತಿರುಗಿಸಿದ್ರೆ ರಿಲೇ ಹೋಗೋ ವೈರೇ ಕಟ್ ಆಗ್ಬೇಕು, ಸಾಫ್ಟ್‌ವೇರಲ್ಲಿ ಒಂದು ಇಫ್ (ಹೀಗಿದ್ರೆ ಹೀಗೆ ಅನ್ನೋ ಸಾಲು) ಹಾಕಿ ಮುಗಿಸ್ಬೇಡಿ. ಸ್ವಿಚ್ ಇದ್ರೂ ಕಟೌಟ್ ಕೀಳೋ ಅಭ್ಯಾಸ ಬಿಡೋ ಹಾಗಿಲ್ಲ ಅಂತ ಪೆಟ್ಟಿಗೆ ಬಾಗಿಲ ಒಳಗಡೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು ಅಂಟಿಸಿ.

"ಹೇಗಿದೆ" ಕಾಲಮ್ ಬಗ್ಗೆ ಒಂದು ಮಾತು. ರಿಲೇ ಆನ್ ಆಯ್ತು ಅಂದ್ರೆ ಮೋಟ್ರು ಓಡ್ತಿದೆ ಅಂತಲ್ಲ. ಸ್ಟಾರ್ಟರ್ ಪೆಟ್ಟಿಗೆ ತೆಗೆದು ನೋಡಿರ್ತೀರಲ್ಲ, ಕಾಂಟ್ಯಾಕ್ಟರ್ ಸಂದೀಲಿ ಇರುವೆ ಗೂಡು ಕಟ್ಟಿರತ್ತೆ, ಹಲ್ಲಿ ಸಿಕ್ಕಿ ಸುಟ್ಟು ಕರಕಲಾಗಿರತ್ತೆ, ಕಾಯಿಲ್ ಎಳೆದ್ರೂ ಪಾಯಿಂಟು ಕೂರಲ್ಲ. ಫೋನಲ್ಲಿ ಹಸಿರು ದೀಪ, ಪೈಪಲ್ಲಿ ಗಾಳಿ. ಹಾಗಾಗಿ ಮೋಟ್ರಿಗೆ ಹೋಗೋ ಕೇಬಲ್ ಮೇಲೆ ಸಿಟಿ ಕಾಯಿಲ್ (ಕೇಬಲಲ್ಲಿ ಹರಿಯೋ ಕರೆಂಟ್ ಅಳೆಯೋ ಸುರುಳಿ) ಕೂರಿಸಿ ಆಂಪಿಯರ್ ಅಳೀರಿ, ಆಂಪಿಯರ್ ಬಂದ್ರೆ ಮಾತ್ರ ಹಸಿರು. ಅದೇ ಕಾಯಿಲ್ಲು ಇನ್ನೊಂದು ಉಪಕಾರ ಮಾಡತ್ತೆ: ಬೋರಲ್ಲಿ ನೀರು ಕೆಳಗೆ ಹೋಗಿ ಮೋಟ್ರು ನೀರಿಲ್ಲದೆ ಓಡೋಕೆ (ಡ್ರೈ ರನ್) ಶುರುವಾದ್ರೆ ಲೋಡ್ ಕಮ್ಮಿಯಾಗಿ ಆಂಪಿಯರ್ ಇಳಿಯತ್ತೆ, ಅದನ್ನ ನೋಡಿ ನಿಲ್ಲಿಸಬಹುದು. ಸಾವಿರ ಅಡಿ ದಾಟಿದ ಬೋರ್‌ಗಳು ನಮ್ಮ ಕೋಲಾರ ಚಿಕ್ಕಬಳ್ಳಾಪುರದಲ್ಲಿ ಮಾಮೂಲು, ಮೋಟ್ರು ಸುಟ್ಟು ಮೇಲೆತ್ತಿಸೋ ಖರ್ಚು ಯಾವ ರೈತನಿಗೂ ಹೇಳ್ಕೊಡ್ಬೇಕಾಗಿಲ್ಲ. ಆದ್ರೆ ಗಮನಿಸಿ, ಈ ನಿಲ್ಲಿಸೋ ತೀರ್ಮಾನ ಬೋರ್ಡೇ ತಗೋಬೇಕು, ಸರ್ವರ್‌ನ ಕೇಳ್ಕೊಂಡು ಕೂರಬಾರದು. ಡ್ರೈ ರನ್, ಒಂದು ಫೇಸ್ ಹೋಗೋದು, ವೋಲ್ಟೇಜ್ ಬೀಳೋದು, ಇವೆಲ್ಲ ಸೆಕೆಂಡುಗಳ ಆಟ, ನೆಟ್‌ವರ್ಕ್ ಇಲ್ಲದ ಟೈಮಲ್ಲೇ ಬರ್ತವೆ. ನೋಡೋದು, ಲೆಕ್ಕ ಇಡೋದು, ಯಾರಿಗೆ ಹೇಳ್ಬೇಕು ಅನ್ನೋದು ಸರ್ವರ್ ಕೆಲಸ, ಮೋಟ್ರು ಕಾಯೋದು ಬೋರ್ ಪಕ್ಕದಲ್ಲಿರೋ ಬೋರ್ಡಿನ ಕೆಲಸ. ನಿಮ್ಮ ಇಡೀ ವ್ಯವಸ್ಥೇಲಿ ಇದೊಂದು ಸರಿಯಿದ್ರೆ ಮಿಕ್ಕಿದ್ದನ್ನ ಆಮೇಲೆ ತಿದ್ಕೋಬಹುದು.

ಇನ್ನು ಅರವತ್ತಕ್ಕೆ ಹೋದಾಗ್ಲೇ ಬರೋ ಒಂದು ತೊಂದ್ರೆ. ತ್ರೀ ಫೇಸ್ ಬರೋದು ಪಾಳಿ ಮೇಲೆ, ಒಂದು ಫೀಡರ್‌ಗೆ ಒಟ್ಟಿಗೆ ಬರತ್ತೆ. ಕರೆಂಟ್ ಬಂದ ಸೆಕೆಂಡಲ್ಲಿ ನಿಮ್ಮ ಬೋರ್ಡೆಲ್ಲ ಎದ್ದು ಸರ್ವರ್ ಮೇಲೆ ಬೀಳ್ತವೆ, ಅದು ಹಾಗಿರ್ಲಿ, ಆಟೊಗೆ ಇಟ್ಟಿರೋ ಮೋಟ್ರುಗಳೂ ಒಟ್ಟಿಗೆ ಏಳ್ತವೆ. ನೇರ ಸ್ಟಾರ್ಟ್ ಮಾಡಿದ ಮೋಟ್ರು ಏಳೋವಾಗ ಮಾಮೂಲಿಯ ಐದಾರು ಪಟ್ಟು ಕರೆಂಟ್ ಎಳೆಯತ್ತೆ, ಒಂದೇ ಟಿಸಿ (ಟ್ರಾನ್ಸ್‌ಫಾರ್ಮರ್) ಕೆಳಗೆ ಹತ್ತು ಮೋಟ್ರು ಹಾಗೆ ಎದ್ರೆ ಏನಾಗತ್ತೆ ಅಂತ ಲೈನ್‌ಮ್ಯಾನ್‌ನ ಕೇಳಿ. ಆದ್ರಿಂದ ಪ್ರತಿ ಬೋರ್ಡೂ ಕರೆಂಟ್ ಬಂದ ಮೇಲೆ ತನ್ನದೇ ಒಂದು ರ‍್ಯಾಂಡಮ್ ಹೊತ್ತು ಕಾಯ್ಲಿ, ಒಂದು ಇಪ್ಪತ್ತು ಸೆಕೆಂಡು, ಇನ್ನೊಂದು ಮೂರು ನಿಮಿಷ, ಹೀಗೆ. ಕನೆಕ್ಷನ್ ಸಿಗದಿದ್ರೂ ಅಷ್ಟೇ, ಪ್ರತಿ ಸಲ ಕಾಯೋ ಹೊತ್ತನ್ನ ಎರಡರಷ್ಟು ಮಾಡ್ತಾ ಹೋಗ್ಬೇಕು.

ಡೇಟಾಬೇಸಲ್ಲಿ ಬೋರ್ಡನ್ನ ಬೇರೆ, ಜಾಗವನ್ನ ಬೇರೆ ಇಡಿ. ಸಿಡಿಲಿಗೆ ಒಂದು ಬೋರ್ಡ್ ಹೋಗತ್ತೆ, ಅವಸರಕ್ಕೆ ಪಕ್ಕದ ತೋಟದ್ದು ಬಿಚ್ಚಿ ಹಾಕ್ತೀರ, ಆಗ ಇವರ ಬೋರಿನ ಲೆಕ್ಕಕ್ಕೆ ಅವರ ಬೋರಿನ ಆಂಪಿಯರ್ ಸೇರ್ಕೊಂಡು ಡ್ರೈ ರನ್ ಸೆಟ್ಟಿಂಗೇ ತಪ್ಪಾಗತ್ತೆ. ಹದಿನೇಳನೇ ಬೋರ್ಡು ಇವತ್ತಿಂದ ಈ ಬೋರಲ್ಲಿದೆ, ನಿನ್ನೆವರೆಗೆ ಆ ಬೋರಲ್ಲಿತ್ತು ಅಂತ ಮೂರನೇ ಟೇಬಲ್ಲು ಒಂದಿದ್ರೆ ಸಾಕು.

ದೂರದಿಂದ ಸಾಫ್ಟ್‌ವೇರ್ ಬದಲಾಯಿಸೋ ದಾರಿ ಮೊದಲ ದಿನವೇ ಇರ್ಲಿ. ಮೆಮೊರೀಲಿ ಎರಡು ಖಾನೆ, ಹಳೇದು ಒಂದರಲ್ಲಿ ಹಾಗೇ ಇರತ್ತೆ, ಹೊಸದು ಇನ್ನೊಂದಕ್ಕೆ ಬರತ್ತೆ, ನಿಮ್ಮ ಡಿಜಿಟಲ್ ಸಹಿ ಇಲ್ಲದ ಫೈಲನ್ನ ಬೋರ್ಡು ಮುಟ್ಟಬಾರದು, ಹೊಸದರಲ್ಲಿ ಎದ್ದು ಹತ್ತು ನಿಮಿಷದಲ್ಲಿ ಸರ್ವರ್ ಸಿಗದಿದ್ರೆ ತಾನಾಗೇ ಹಳೇದಕ್ಕೆ ವಾಪಸ್. ಮೊದಲು ನಿಮ್ಮ ಮನೆ ಹತ್ರದ ಎರಡು ಬೋರ್ಡು, ಎರಡು ದಿನ ಬಿಟ್ಟು ಹತ್ತು, ಆಮೇಲೆ ಮಿಕ್ಕಿದ್ದು. ಬೋರ್ಡಲ್ಲಿ ಗಡಿಯಾರಕ್ಕೆ ಒಂದು ಬಟನ್ ಸೆಲ್ ಹಾಕೋದು ಮರೀಬೇಡಿ, ಗಡಿಯಾರ ಇಲ್ಲದ ಬೋರ್ಡು ಕರೆಂಟ್ ಹೋಗಿ ಬಂದಾಗ 1970ರ ಜನವರಿ 1 ಅಂದ್ಕೊಂಡು ಏಳತ್ತೆ, ಸರ್ವರ್ ತನ್ನ ಗುರುತಿಗೆ ತೋರಿಸೋ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ಕನೆಕ್ಷನ್ ತಿರಸ್ಕರಿಸತ್ತೆ, ನೀವು ಸಿಗ್ನಲ್ ಹುಡುಕ್ತಾ ಮೂರು ದಿನ ಕಳೀತೀರ.

ಪ್ರಶ್ನೆ: ಗುಬ್ಬಿ ತಾಲ್ಲೂಕಿನ ಒಂದು ಹಾಲಿನ ಸಂಘದ ಕೆಲಸ ನೋಡ್ಕೋತೀನಿ. ನಮ್ಮ ಬಲ್ಕ್ ಕೂಲರ್‌ಗೆ ಟೆಂಪರೇಚರ್ ಫೋನಿಗೆ ಕಳಿಸೋ ಮಿಷನ್ ಹಾಕ್ಸಿದ್ವಿ. ದಿನಾ ಬೆಳಿಗ್ಗೆ ಸಂಜೆ ಸುಮ್ನೆ ಅಲಾರಂ ಬರತ್ತೆ, ಈಗ ಯಾರೂ ನೋಡೋದೇ ಬಿಟ್ಟಿದೀವಿ. ಹೋದ ತಿಂಗಳು ನಿಜವಾಗ್ಲೂ ಹಾಲು ಕೆಟ್ಟಾಗ್ಲೂ ಯಾರೂ ನೋಡ್ಲಿಲ್ಲ. ಬೇರೆ ಹಾಕ್ಸೋದಾ?

ಉತ್ತರ: ನಿಮ್ಮ ಸಂಘದ ರೈತರಿಗೆ ಆದ ನಷ್ಟ ಕೇಳಿ ಬೇಜಾರಾಯ್ತು. ಮಿಷನ್ ಬದಲಾಯಿಸೋ ಮುಂಚೆ ಅಲಾರಮ್ಮಿನ ನಿಯಮ ಬದಲಾಯಿಸಿ ನೋಡಿ. ಕರೆದ ಹಾಲು ಹಸುವಿನ ಮೈ ಬಿಸೀಲೇ ಬರತ್ತೆ, ಅದನ್ನ 4 ಡಿಗ್ರಿಗೆ ಇಳಿಸೋದು ಕೂಲರ್ ಕೆಲಸ. ಬೆಳಿಗ್ಗೆ ಹಾಲು ಸುರೀತಿದ್ದ ಹಾಗೆ ಟೆಂಪರೇಚರ್ ಏರಲೇಬೇಕು, ಅದು ತಪ್ಪಲ್ಲ. ನಿಮ್ಮ ಮಿಷನ್ನು ಇಷ್ಟು ಡಿಗ್ರಿ ದಾಟಿದ್ರೆ ಕೂಗು ಅಂತ ಮಾತ್ರ ಕಲ್ತಿರೋ ಹಾಗಿದೆ, ಅದಕ್ಕೇ ದಿನಕ್ಕೆರಡು ಸಲ ಕೂಗತ್ತೆ. ಕೇಳ್ಬೇಕಾದ್ದು ಬೇರೆ: ಹಾಲು ಹಾಕೋದು ಮುಗಿದ ಮೇಲೆ ಟೆಂಪರೇಚರ್ ಇಳೀತಿದೆಯಾ? ಅರ್ಧ ಗಂಟೆ ಕಳೆದ್ರೂ ಇಳೀದೆ ನಿಂತಿದ್ರೆ ಅಥವಾ ತಣ್ಣಗಾಗಿದ್ದ ಹಾಲು ರಾತ್ರಿ ಹೊತ್ತು ಮೆಲ್ಲಗೆ ಏರ್ತಿದ್ರೆ ಆಗ ಕೂಗ್ಬೇಕು. ಜೊತೆಗೆ ಕರೆಂಟ್ ಹೋಗಿ ಹತ್ತು ನಿಮಿಷವಾದ್ರೂ ಜನರೇಟರ್ ಬರ್ಲಿಲ್ಲ ಅನ್ನೋ ಸುದ್ದಿ, ಇದು ಟೆಂಪರೇಚರ್‌ಗಿಂತ ಮೊದಲೇ ಎಚ್ಚರಿಸತ್ತೆ, ಹಾಲು ಇನ್ನೂ ತಣ್ಣಗಿರೋವಾಗ್ಲೇ ನೀವು ಓಡಬಹುದು. ಇದಕ್ಕೆ ಮಿಷನ್ ಒಳಗೆ ಸಣ್ಣ ಬ್ಯಾಟರಿ ಬೇಕು, ಇಲ್ಲದಿದ್ರೆ ಕರೆಂಟ್ ಜೊತೆ ಅದೂ ಹೋಗತ್ತೆ.

ಅಲಾರಂ ಎಲ್ರಿಗೂ ಒಟ್ಟಿಗೆ ಹೋದ್ರೆ ಯಾರಿಗೂ ಹೋಗಿಲ್ಲ ಅಂತಲೇ ಅರ್ಥ, ಒಬ್ಬರು ಇನ್ನೊಬ್ಬರು ನೋಡ್ತಾರೆ ಅಂದ್ಕೋತಾರೆ. ಮೊದಲು ಟೆಸ್ಟರ್‌ಗೆ, ಐದು ನಿಮಿಷದಲ್ಲಿ ನೋಡಿದೆ ಅಂತ ಒತ್ತದಿದ್ರೆ ಸೆಕ್ರೆಟರಿಗೆ, ಅವರೂ ಒತ್ತದಿದ್ರೆ ಅಧ್ಯಕ್ಷರಿಗೆ, ರಾತ್ರಿ ಹೊತ್ತು ಮೆಸೇಜ್ ಅಲ್ಲ, ಫೋನ್ ರಿಂಗ್ ಆಗ್ಬೇಕು. ನೆಟ್‌ವರ್ಕ್ ಇಲ್ಲದಾಗ ಕೂಲರ್ ರೂಮಲ್ಲೇ ಒಂದು ಸೈರನ್ ಇರ್ಲಿ, ಪಕ್ಕದ ಮನೆಯೋರಾದ್ರೂ ಏಳ್ತಾರೆ. ಇಷ್ಟಕ್ಕೂ ನಿಮ್ಮ ಮಿಷನ್ನಿನೋರು ಒಪ್ಪದಿದ್ರೆ ಹೊಸದು ತಗೊಳ್ಳೋವಾಗ ಎರಡು ಮಾತು ಬರಹದಲ್ಲಿ ತಗೊಳ್ಳಿ: ನಮ್ಮ ಡೇಟಾ ನಾವು ಕೇಳಿದಾಗ ಫೈಲ್ ಮಾಡಿ ಕೊಡ್ಬೇಕು, ಮತ್ತೆ ಸರ್ವರ್ ಅಡ್ರೆಸ್ ಬದಲಾಯಿಸೋಕೆ ಬರ್ಬೇಕು. ಕಂಪನಿ ಮುಚ್ಚಿದ್ರೆ ಅಡ್ರೆಸ್ ಬದಲಾಯಿಸೋಕೆ ಬರದ ಮಿಷನ್ನು ಗೋಡೆ ಮೇಲಿನ ಡಬ್ಬ ಅಷ್ಟೇ.

ಪ್ರಶ್ನೆ: ಬಂಗಾರಪೇಟೆಯಿಂದ ಇಂಜಿನಿಯರಿಂಗ್ ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗೆ ಎಂಕ್ಯೂಟಿಟಿನಾ ಎಚ್‌ಟಿಟಿಪಿನಾ?

ಉತ್ತರ: ನಿಮ್ಮ ಸಾಧನ ಬರೀ ಹೇಳೋದಾದ್ರೆ, ಅಂದ್ರೆ ಗಂಟೆಗೊಂದ್ಸಲ ಮಳೆ ಅಳತೆ ಕಳಿಸಿ ಮಲಗೋದಾದ್ರೆ, ವೆಬ್‌ಸೈಟುಗಳು ಬಳಸೋ ಎಚ್‌ಟಿಟಿಪಿ ಸಾಕಮ್ಮ, ತಪ್ಪು ಹುಡುಕೋದೂ ಸುಲಭ. ಹೊರಗಿಂದ ಯಾವಾಗ ಬೇಕಾದ್ರೂ ಮಾತು ಬರ್ಬೇಕು ಅಂದ್ರೆ ಎಂಕ್ಯೂಟಿಟಿ. 8883 ಪೋರ್ಟ್, ಅಂದ್ರೆ ಟಿಎಲ್‌ಎಸ್ (ಮಾತನ್ನ ಗುಟ್ಟಾಗಿ ಮುಚ್ಚಿ ಕಳಿಸೋ ಪದ್ಧತಿ) ಇರೋದು ಬಳಸಿ, 1883 ಪೋರ್ಟಲ್ಲಿ ಪಾಸ್‌ವರ್ಡ್ ಬಿಚ್ಚಿಟ್ಟ ಹಾಗೇ ಹೋಗತ್ತೆ. ವೈವಾದಲ್ಲಿ ಇದನ್ನ ಕೇಳೇ ಕೇಳ್ತಾರೆ.

ಪ್ರಶ್ನೆ: ಪಾವಗಡದ ಸೋಲಾರ್ ಪಾರ್ಕ್ ನೋಡಿ ಬಂದ್ವಿ, ಕಣ್ಣು ಹಾಯಿಸಿದಷ್ಟೂ ಪ್ಯಾನೆಲ್ಲು. ಅಷ್ಟನ್ನೂ ಯಾರು ಹೇಗೆ ನೋಡ್ಕೋತಾರೆ? (ಮಧುಗಿರಿಯ ಓದುಗರು)

ಉತ್ತರ: ತಿರುಮಣಿ ಸುತ್ತಲ ಹಳ್ಳಿಗಳಲ್ಲಿ ಸುಮಾರು 13,000 ಎಕರೆ, 2,050 ಮೆಗಾವಾಟ್, ಒಂದೊಂದು ಪ್ಯಾನೆಲ್ ನೋಡ್ತಾ ಕೂತ್ರೆ ಮುಗಿಯಲ್ಲ. ಇಂಥ ದೊಡ್ಡ ಪ್ಲಾಂಟುಗಳಲ್ಲಿ ಪ್ಯಾನೆಲ್‌ಗಳನ್ನ ಸಾಲಾಗಿ ಪೋಣಿಸಿ ಸ್ಟ್ರಿಂಗ್ ಮಾಡ್ತಾರೆ, ಸ್ಟ್ರಿಂಗುಗಳು ಸೇರಿ ಇನ್ವರ್ಟರ್‌ಗೆ (ಪ್ಯಾನೆಲ್ಲಿನ ಡಿಸಿ ಕರೆಂಟನ್ನ ಗ್ರಿಡ್ಡಿನ ಎಸಿ ಮಾಡೋ ಮಿಷನ್) ಹೋಗ್ತವೆ, ದೂರದಿಂದ ನೋಡೋದು ಸ್ಟ್ರಿಂಗ್ ಮತ್ತೆ ಇನ್ವರ್ಟರ್ ಮಟ್ಟದಲ್ಲಿ. ಪಕ್ಕಪಕ್ಕದ ಸ್ಟ್ರಿಂಗುಗಳಿಗೆ ಒಂದೇ ಬಿಸಿಲು, ಅದರಲ್ಲಿ ಒಂದರ ಆಂಪಿಯರ್ ಕಮ್ಮಿ ಇದ್ರೆ ಅಲ್ಲಿ ಧೂಳೋ ಫ್ಯೂಸೋ ಅಂತ ಆಳು ಕಳಿಸ್ತಾರೆ. ಇನ್ವರ್ಟರ್‌ಗಳು ಮಾತಾಡೋ ಭಾಷೆ ಸಾಮಾನ್ಯವಾಗಿ ಮಾಡ್‌ಬಸ್, 1979ರದ್ದು, ಇವತ್ತಿಗೂ ಗಟ್ಟಿ. ಮೇಲೆ ಚಿಂತಾಮಣಿಯೋರಿಗೆ ಹೇಳಿದ್ದೇ ಇಲ್ಲೂ: ಗ್ರಿಡ್‌ನಲ್ಲಿ ಏರುಪೇರಾದ್ರೆ ಕಂಟ್ರೋಲ್ ರೂಮ್ ಹೇಳೋವರೆಗೆ ಇನ್ವರ್ಟರ್ ಕಾಯಲ್ಲ, ತಾನೇ ಬಿಡಿಸ್ಕೊಂಡು ಆಮೇಲೆ ವರದಿ ಮಾಡತ್ತೆ.

ಪ್ರಶ್ನೆ: ಶಿರಾ ಕಡೆಯ ರೈತ ನಾನು. ಅಂಗಡೀಲಿ ಕೊಟ್ಟ ಮೊಬೈಲ್ ಸ್ಟಾರ್ಟರ್ ಹಾಕ್ಸಿದೀನಿ. ಎರಡು ಸಲ ನಾನು ಒತ್ತದೇನೇ ಮೋಟ್ರು ಆನ್ ಆಗಿತ್ತು. ಬೇರೆ ಯಾರಾದ್ರೂ ಮಾಡ್ತಾವ್ರಾ?

ಉತ್ತರ: ಆಗಬಹುದು ಅಣ್ಣಾ, ಆದ್ರೆ ಮೊದಲು ಸುಲಭದ್ದು ನೋಡಿ. ಸ್ಟಾರ್ಟರ್ ಆಟೊ ಮೋಡಲ್ಲಿದ್ರೆ ಕರೆಂಟ್ ಬಂದ ತಕ್ಷಣ ತಾನೇ ಏಳತ್ತೆ. ಅದಲ್ಲ ಅಂದ್ರೆ ಪಿನ್ ನೋಡಿ. ಎಷ್ಟೋ ಸ್ಟಾರ್ಟರ್‌ಗಳು 1234 ಅಂತ ಒಂದೇ ಪಿನ್ನಲ್ಲಿ ಬರ್ತವೆ, ಹಾಕೋ ಹುಡುಗರೂ ಬದಲಾಯಿಸಲ್ಲ, ಅದರ ಸಿಮ್ ನಂಬರ್ ಗೊತ್ತಿರೋ ಯಾರು ಬೇಕಾದ್ರೂ ಮೆಸೇಜ್ ಹಾಕಬಹುದು. ಇದು ಬರೀ ನಿಮ್ಮೂರಿನ ಕಥೆಯಲ್ಲ, 2016ರಲ್ಲಿ ಮಿರಾಯ್ ಅನ್ನೋ ವೈರಸ್ಸು ಕ್ಯಾಮೆರಾ, ರೌಟರ್ ಇಂಥ ಲಕ್ಷಾಂತರ ಸಾಧನಗಳಿಗೆ ನುಗ್ಗಿದ್ದು ಕಂಪನಿಯೋರೇ ಇಟ್ಟಿದ್ದ ಅರವತ್ತು ಚಿಲ್ಲರೆ ಪಾಸ್‌ವರ್ಡುಗಳ ಪಟ್ಟಿ ಹಿಡ್ಕೊಂಡು, ಬೇರೆ ದೊಡ್ಡ ವಿದ್ಯೆ ಏನೂ ಬೇಕಾಗ್ಲಿಲ್ಲ.

ಮಿಸ್ಡ್ ಕಾಲ್‌ಗೇ ಆನ್ ಆಗೋ ಮಾಡೆಲ್ ಆದ್ರೆ ಒಳಗೆ ಯಾವ್ಯಾವ ನಂಬರ್ ಸೇರಿಸಿದೆ ಅಂತ ಪಟ್ಟಿ ತೆಗೆಸಿ. ಅಳಿಯನದ್ದು, ಹಿಂದೆ ಕೆಲಸಕ್ಕಿದ್ದ ಆಳಿಂದು, ಅಂಗಡಿಯೋರು ಟೆಸ್ಟ್‌ಗೆ ಹಾಕಿದ್ದು ಎಲ್ಲಾ ಹಾಗೇ ಉಳಿದಿರತ್ತೆ. ಬಿಟ್ಟುಬಿಟ್ಟ ನಂಬರ್ ಕೆಲವು ತಿಂಗಳಾದ ಮೇಲೆ ಬೇರೆ ಯಾರಿಗೋ ಸಿಗತ್ತೆ, ಪಾಪ ಅವರಿಗೆ ಗೊತ್ತೇ ಇಲ್ಲದೆ ಅವರ ಕಾಲಿಗೆ ನಿಮ್ಮ ಮೋಟ್ರು ಏಳಬಹುದು. ಎಲ್ಲಾ ಅಳಿಸಿ ನಿಮ್ಮದು, ಮನೆಯೋರದು ಎರಡೇ ಇಡಿ, ಪಿನ್ ಬದಲಾಯಿಸಿ, ಸ್ಟಾರ್ಟರ್ ಒಳಗಿನ ಸಿಮ್ ನಂಬರ್‌ನ ಪೆಟ್ಟಿಗೆ ಮೇಲೆ ಪೇಂಟಲ್ಲಿ ಬರೆದಿದ್ರೆ ಅಳಿಸಿಬಿಡಿ. ಇಷ್ಟಾದ್ಮೇಲೂ ತಾನಾಗೇ ಎದ್ರೆ ಅವತ್ತಿನ ತಾರೀಕು, ಟೈಮು, ಕರೆಂಟ್ ಬಂದ ಹೊತ್ತು ಮೂರನ್ನೂ ಬರೆದಿಟ್ಟು ನನಗೆ ಕಳಿಸಿ, ನೋಡಿ ಹೇಳ್ತೀನಿ. ಅಲ್ಲಿವರೆಗೆ ರಾತ್ರಿ ಹೊತ್ತು ಲೋಕಲ್‌ಗೆ ತಿರುಗಿಸಿಟ್ಟೇ ಮನೆಗೆ ಬನ್ನಿ.